ನಮ್ಮ ಬಡಾವಣೆ ಕ್ಲಬ್ಬಿನ ಕೊಲೆ ರಹಸ್ಯ ಸಂಜೆ: ಲೆಕ್ಕಪತ್ರ, ತಕರಾರು ಮತ್ತು ಉಲ್ಟಾ ಬಾಳೆಲೆ

ಕುಕ್ಕರಹಳ್ಳಿ ವಾಕರ್

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನೀರಿನ ಫಿಲ್ಟರ್, ಎರಡು ಬೀರು, ಒಂದಿಷ್ಟು ಪುಸ್ತಕ ಕೊಡಿಸಬೇಕು, ಹೌಸಿ ಆಡಿಸಿ ಸಾಕಾಗಿದೆ, ಆರ್ಕೆಸ್ಟ್ರಾ ಕರೆಸಿದರೆ ಅವರಿಗೇ ದುಡ್ಡು ಹೋಗುತ್ತೆ, ಬೇರೆ ಏನಾದರೂ ಹೇಳಿ ಅಂತ ಇಲ್ಲಿ ಕೇಳಿದ್ದೆ. ಕೊನೆಗೆ ಕೊಲೆ ರಹಸ್ಯ ಸಂಜೆಯೇ ಆಯಿತು. ಅಂದರೆ ನಾಟಕದಲ್ಲೊಂದು ಕೊಲೆ, ಬಂದವರು ಟೇಬಲ್ ಟೇಬಲ್ಲಾಗಿ ಸುಳಿವು ನೋಡಿ, ಪ್ರಶ್ನೆ ಕೇಳಿ ಕೊಲೆಗಾರನನ್ನ ಹಿಡಿಯೋದು. ಹೇಗಾಯಿತು ಅಂತ ಬಹಳ ಜನ ಮೆಸೇಜ್ ಮಾಡಿ ಕೇಳ್ತಿದ್ದೀರಿ, ಒಟ್ಟಿಗೇ ಬರೀತೀನಿ.

ಕಥೆ 1974ರ ಮೈಸೂರು. ಮದುವೆ ಛತ್ರ. ಹುಡುಗಿಯ ದೊಡ್ಡಪ್ಪ ಊಟದ ಪಂಕ್ತಿಯಲ್ಲಿ ಎಲೆ ಮುಂದೆ ಕೂತವರು ಏಳಲಿಲ್ಲ. ಶಂಕಿತರು ಐದು ಜನ: ತಮ್ಮ, ಬೊಂಬಾಯಿ ಅಳಿಯ, ಅಡುಗೆ ಭಟ್ಟರು, ಛತ್ರದ ಮ್ಯಾನೇಜರು, ಮನೆತನದ ವಕೀಲರು. ಎಲ್ಲರೂ ನಮ್ಮ ಬಡಾವಣೆಯವರೇ. ಒಂದು ಟೇಬಲ್ಲಿಗೆ ಎಂಟು ಜನ, 15 ಟೇಬಲ್. ಬಂದವರಿಗೂ ಅದೇ ಮದುವೆ ಊಟ, ಬಾಳೆಲೆಯಲ್ಲಿ. ಊಟಕ್ಕೆ ಮುಂಚೆ ಮೊದಲ ಅಂಕ, ಊಟವಾದ ಮೇಲೆ ವಿಚಾರಣೆ, ತಾಂಬೂಲದ ಹೊತ್ತಿಗೆ ಉತ್ತರ ಪತ್ರಿಕೆ. ಬಡಿಸುವಾಗ ಮಾತ್ರ ಏನೂ ಅಭಿನಯಿಸಬೇಡಿ ಅಂತ ಈಗಲೇ ಹೇಳಿಬಿಡ್ತೀನಿ. ಸಾರಿನ ಬಕೆಟ್ಟಿನ ಮುಂದೆ ಯಾವ ನಟನೂ ನಿಲ್ಲಲಾರ.

ಮುಖ್ಯ ಸುಳಿವು ಎರಡು. ಒಂದು ಉಯಿಲು. 1972ರಲ್ಲಿ ಬರೆದದ್ದು ಅಂತ ತಾರೀಖು ಇದೆ, ಆದರೆ ಒಳಗೆ "ಕರ್ನಾಟಕ ರಾಜ್ಯ, ಮೈಸೂರು ಜಿಲ್ಲೆ" ಅಂತ ಟೈಪಾಗಿದೆ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಿದ್ದೇ 1973ರ ನವೆಂಬರ್ 1ಕ್ಕೆ. ಅಂದರೆ ಉಯಿಲು ನಕಲಿ. ಎರಡನೆಯದು ಪಂಕ್ತಿಯ ಫೋಟೊ. ಎಲ್ಲರ ಎಲೆಯ ತುದಿಯೂ ಉಣ್ಣುವವರ ಎಡಗಡೆಗಿದೆ, ದೊಡ್ಡಪ್ಪನ ಎಲೆ ತುದಿ ಮಾತ್ರ ಬಲಗಡೆಗೆ. ವಿಷ ಬಿದ್ದ ಎಲೆ ಎತ್ತಿ ಬೇರೆ ಎಲೆಯನ್ನು ಆತುರದಲ್ಲಿ ಎದುರುಗಡೆಯಿಂದ ಹಾಸಿದ್ದಾರೆ. ಹಾಸಿದವರ ಕಣ್ಣಿಗೆ ತುದಿ ಎಡಕ್ಕೇ ಇತ್ತು. ಬಡಿಸಿ ಕೈ ಪಳಗಿದ ಭಟ್ಟರ ಕಡೆಯವರು ಹಾಗೆ ಹಾಸಲ್ಲ. ಪಂಕ್ತಿ ಮಧ್ಯೆ "ನಿಧಾನವಾಗಿ ಊಟ ಮಾಡಿ, ಸಂಕೋಚ ಬೇಡ" ಅಂತ ಉಪಚಾರ ಮಾಡುತ್ತಾ ಓಡಾಡಿದವರು ವಕೀಲರು. ನಕಲಿ ಉಯಿಲು ಟೈಪಾಗಿದ್ದೂ ಅವರ ಆಫೀಸಿನಲ್ಲೇ.

ಈಗ ಲೆಕ್ಕ. ಟಿಕೆಟ್ 600ರಂತೆ 120 ಜನ, 72,000. ಜಾಹೀರಾತು 22,000. ಸುಳಿವು ಮಾರಾಟ, ಒಂದಕ್ಕೆ 100ರಂತೆ, 4,100. ಒಟ್ಟು 98,100. ಖರ್ಚು: ಎಲೆಗೆ 280ರಂತೆ 135 ಊಟ (ನಟರು, ಕೆಲಸದವರು ಸೇರಿ) 37,800, ಮೈಕ್ ಮತ್ತು ಲೈಟು 6,000, ಮುದ್ರಣ 3,200, ರಂಗ ಸಾಮಗ್ರಿ 1,500. ಹಾಲ್ ಕ್ಲಬ್ಬಿನದೇ. ಉಳಿದದ್ದು 49,600.

ಜಾಹೀರಾತಿನ ಉಪಾಯ ನಮ್ಮ ಹೆಂಗಸರದ್ದು. 1974ರ ದಿನಪತ್ರಿಕೆ ಥರ ನಾಲ್ಕು ಪುಟ ಅಚ್ಚು ಹಾಕಿಸಿ, ಅದರಲ್ಲಿ ಸುತ್ತಮುತ್ತಲಿನ ಅಂಗಡಿಗಳ ಜಾಹೀರಾತನ್ನ ಆಗಿನ ಶೈಲಿಯಲ್ಲಿ ಬರೆದರು. "ಮಹನೀಯರೇ, ಒಮ್ಮೆ ಪರೀಕ್ಷಿಸಿರಿ!" ಅಂತೆಲ್ಲ. ಸುಳಿವು ಹುಡುಕೋಕೆ ಜನ ಪತ್ರಿಕೆಯನ್ನ ಅಕ್ಷರ ಬಿಡದೆ ಓದಿದರು. ಯಾವ ಸ್ಮರಣ ಸಂಚಿಕೆಯ ಜಾಹೀರಾತನ್ನ ಯಾರು ಹಾಗೆ ಓದ್ತಾರೆ ಹೇಳಿ.

ತಕರಾರೂ ಬಂದಿದೆ. ತಕರಾರು ಮಾಡಿದವರು ಇಲ್ಲೇ ಇದ್ದಾರೆ, ಅವರೇ ಹೇಳಲಿ.

ಟೇಬಲ್ ಒಂಬತ್ತು

ಹೇಳ್ತೀನಿ ಸಾರ್, ಯಾಕೆ ಹೇಳಬಾರದು. ಎಲೆ ನೋಡಿ ಕೊಲೆಗಾರನ್ನ ಹಿಡೀಬೇಕು ಅಂತೀರಿ. ನಮ್ಮ ಟೇಬಲ್ಲಿಗೆ ಬಡಿಸೋ ಹುಡುಗರು ಐದು ಎಲೆ ಉಲ್ಟಾ ಹಾಕಿದ್ದರು! ಫೋಟೊ ನೋಡಿದೆವು, ನಮ್ಮ ಎಲೆ ನೋಡಿದೆವು, ಎರಡೂ ಒಂದೇ ಥರ. "ಇದರಲ್ಲೇನೂ ಇಲ್ಲ ಬಿಡಿ" ಅಂತ ಫೋಟೊ ಪಕ್ಕಕ್ಕಿಟ್ಟೆವು. ನಮ್ಮತ್ತೆ ಮಾತ್ರ ಕೂತಾಗಲೇ "ಯಾಕೋ ಎಲೆ ತಿರುಗಿದೆ" ಅಂದರು. ಅಡ್ಜಸ್ಟ್ ಮಾಡ್ಕೊಳ್ಳಿ ಅಂದಿದ್ದು ನಾವೇ. ಬೊಂಬಾಯಿ ಅಳಿಯನಿಗೆ ವೋಟು ಹಾಕಿ ಕೊನೇ ಸ್ಥಾನಕ್ಕೆ ಬಂದೆವು. ನಮಗೆ ಅಂಕ ಬೇಕು.

ಧಾರವಾಡ ಫೇಡೆ

ಯಪ್ಪಾ, ನಕ್ಕು ನಕ್ಕು ಸಾಕಾತು. ನಿಮ್ಮ ಕೇಟರಿಂಗ್ ಹುಡುಗೂರ ಖರೇ ಕೊಲೆಗಾರರು ನೋಡ್ರಿ.

ಕುಕ್ಕರಹಳ್ಳಿ ವಾಕರ್

ಟೇಬಲ್ ಒಂಬತ್ತಿನವರಿಗೆ: ಉತ್ತರ ಪತ್ರಿಕೆಯಲ್ಲಿ ಹೆಸರಿಗೆ 10, ಕಾರಣಕ್ಕೆ 10 ಅಂಕ. ನೀವು ಉಯಿಲು ನಕಲಿ ಅಂತ ಬರೆದಿದ್ದಕ್ಕೆ 5 ಕೊಟ್ಟಿದ್ದೇವೆ. ಉಯಿಲು ನಕಲಿ ಅಂತ ಗೊತ್ತಾದ ಮೇಲೂ ಅಳಿಯನನ್ನೇ ಹಿಡಿದಿರಲ್ಲ, ಅದಕ್ಕೆ ಎಲೆ ಏನು ಮಾಡುತ್ತೆ? ಅತ್ತೆಯವರಿಗೆ ಮಾತ್ರ ಕ್ಲಬ್ ಕಡೆಯಿಂದ ಒಂದು ವಿಶೇಷ ಬಹುಮಾನ ಆಗಲೇಬೇಕು.

ಲೆಕ್ಕಿಗ

ಉತ್ಸಾಹಕ್ಕೆ ತಣ್ಣೀರು ಅಂದುಕೊಳ್ಳಬೇಡಿ. ಟಿಕೆಟ್ಟಿನಿಂದ 72,000 ಬಂತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಊಟಕ್ಕೆ ಹೋಯಿತು. ಉಳಿದ 49,600ನ್ನು 120 ಜನಕ್ಕೆ ಹಂಚಿದರೆ ತಲೆಗೆ 413 ರೂಪಾಯಿ. ಇಷ್ಟಕ್ಕೆ ಎರಡು ತಿಂಗಳ ತಾಲೀಮು ಯಾಕೆ? ಮನೆಮನೆಗೆ ಹೋಗಿ 413 ಕೇಳಿದ್ದರೆ ಮುಗಿದಿರೋದು.

ಕುಕ್ಕರಹಳ್ಳಿ ವಾಕರ್

ಮನೆಮನೆಗೆ ಹೋಗಿ ಕೇಳೋರು ಯಾರು? ನೀವು ಬರ್ತೀರಾ? ಗಣೇಶನ ಚಂದಾಕ್ಕೆ ಹೋದಾಗ ಗೇಟಿನಲ್ಲೇ 51 ಕೊಟ್ಟು ಕಳಿಸ್ತಾರೆ. ಅಲ್ಲದೆ 22,000 ಜಾಹೀರಾತು ಅಂಗಡಿಗಳಿಂದ ಬಂದದ್ದು, ಬಡಾವಣೆಯವರ ಜೇಬಿನಿಂದಲ್ಲ. ಪ್ರದರ್ಶನ ಇಲ್ಲದಿದ್ದರೆ ಆ ದುಡ್ಡು ಎಲ್ಲಿಂದ ಬರ್ತಿತ್ತು?

ಅರ್ಥಧಾರಿ ಪುತ್ತೂರು

ಇದೇನು ಹೊಸತಲ್ಲ ಮಾರಾಯ್ರೆ. ನಾಟಕ ಕಂಪನಿಗಳು ಊರಿಗೆ ಬಂದಾಗ ಶಾಲೆಗೆ, ಹಾಸ್ಟೆಲಿಗೆ ಅಂತ ಒಂದು ರಾತ್ರಿ ಸಹಾಯಾರ್ಥ ಪ್ರದರ್ಶನ ಇಡ್ತಿದ್ದವು. ನಮ್ಮಲ್ಲಿ ಈಗಲೂ ಶಾಲೆಯ ಕಟ್ಟಡಕ್ಕೆ, ಯಾರದ್ದಾದರೂ ಚಿಕಿತ್ಸೆಗೆ ಅಂತ ಸಹಾಯಾರ್ಥ ಯಕ್ಷಗಾನ ಉಂಟು. ಟಿಕೆಟ್ ಮಾರುವುದು ಊರವರೇ. ಲೆಕ್ಕಿಗರು ಹೇಳುವ ಪ್ರಶ್ನೆಯನ್ನು ಆಗಲೂ ಯಾರೋ ಕೇಳಿಯೇ ಇದ್ದಿರಬೇಕು.

ನಾನು ಕೇಳಬೇಕೆಂದಿದ್ದು ಬೇರೆ. ಶಂಕಿತರಿಗೆ ಮಾತು ಬರೆದು ಕೊಟ್ಟಿದ್ದಿರೋ ಅಥವಾ ಸ್ಥಳದಲ್ಲೇ ಹೇಳಿದ್ದೋ? ಪ್ರಶ್ನೆ ಕೇಳುವವರು ಪ್ರೇಕ್ಷಕರು. ಅವರು ಏನು ಕೇಳ್ತಾರೆ ಅಂತ ಮೊದಲೇ ಗೊತ್ತಿರುವುದಿಲ್ಲವಲ್ಲ.

ಕುಕ್ಕರಹಳ್ಳಿ ವಾಕರ್

ಮೊದಲು ಪೂರ್ತಿ ಬರೆದು ಕೊಟ್ಟೆವು. ಉರು ಹೊಡೆದವರು ಬರೆದದ್ದರ ಆಚೆಗಿನ ಪ್ರಶ್ನೆ ಬಂದ ತಕ್ಷಣ ತಡವರಿಸುತ್ತಿದ್ದರು. ಆಮೇಲೆ ಬದಲಾಯಿಸಿದೆವು. ಒಬ್ಬೊಬ್ಬರಿಗೂ ಒಂದೊಂದು ಪುಟ: ಆ ರಾತ್ರಿ ಎಲ್ಲಿದ್ದೆ, ಯಾರ ಮೇಲೆ ಸಿಟ್ಟು, ಏನು ಮುಚ್ಚಿಡ್ತಿದ್ದೀನಿ. ಸುಳ್ಳು ಹೇಳೋ ಹಕ್ಕು ಕೊಲೆಗಾರನಿಗೆ ಮಾತ್ರ. ಉಳಿದವರು ವಿಷಯ ತಪ್ಪಿಸಬಹುದು, ಸುಳ್ಳು ಹೇಳುವಂತಿಲ್ಲ. ಈ ಒಂದು ನಿಯಮದಿಂದಲೇ ಟೇಬಲ್ಲುಗಳಿಗೆ ಲೆಕ್ಕ ಹಾಕೋಕೆ ಸಾಧ್ಯವಾಯಿತು.

ಅರ್ಥಧಾರಿ ಪುತ್ತೂರು

ಹಾಗಾದರೆ ಅದು ತಾಳಮದ್ದಳೆಯೇ. ಪ್ರಸಂಗ ಮೊದಲೇ ನಿಶ್ಚಯ, ಮಾತು ಅಲ್ಲಿಗಲ್ಲಿಗೆ ಹುಟ್ಟುವಂಥದ್ದು. ನಮ್ಮಲ್ಲಿ ಹೊಸ ಅರ್ಥಧಾರಿಗಳಿಗೆ ಎದುರಿನವರ ಮಾತು ಕೇಳಿಸಿಕೊಳ್ಳುವುದನ್ನೇ ಮೊದಲು ಕಲಿಸುವುದು. ನಿಮ್ಮ ತಾಲೀಮಿನಲ್ಲೂ ಒಬ್ಬರನ್ನು ಪಾಟೀಸವಾಲು ಹಾಕಲಿಕ್ಕೆ ಕೂರಿಸಿ. ವಕೀಲರ ಪಾತ್ರಕ್ಕೆ ಮಾತ್ರ ಸ್ವಲ್ಪ ಮಾತುಗಾರ ಬೇಕು, ಇಲ್ಲದಿದ್ದರೆ ಸಿಕ್ಕಿಬೀಳುವಾಗ ಸಪ್ಪೆಯಾಗ್ತದೆ.

ಕೋರ್ಟು ಕಛೇರಿ

ಕೊಲೆಗಾರ ಯಾವಾಗಲೂ ವಕೀಲನೇ ಯಾಕೆ ಅಂತ ಮೊದಲು ಆಕ್ಷೇಪ ದಾಖಲಿಸ್ತೀನಿ.

ನಾನೂ ನೋಡಲು ಬಂದಿದ್ದೆ. ಇನ್‌ಸ್ಪೆಕ್ಟರ್ ಪಾತ್ರಧಾರಿ "302 ಹಾಕ್ತೀನಿ" ಅಂತ ಗುಡುಗಿದರು. ಚಪ್ಪಾಳೆ ಜೋರು. ಆದರೆ 2024ರ ಜುಲೈ 1ರಿಂದ ಐಪಿಸಿ ಇಲ್ಲ, ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೊಲೆಗೆ ಶಿಕ್ಷೆ 103ನೇ ಕಲಂ.

ನಿವೃತ್ತ ಮೇಷ್ಟ್ರು

ಸ್ವಾಮಿ, ಕಥೆ ನಡೆಯುವುದು 1974ರಲ್ಲಿ. ಆಗ 302 ಎಂಬುದೇ ಸರಿ.

ಕೋರ್ಟು ಕಛೇರಿ

ಒಪ್ಪಿದೆ ಮೇಷ್ಟ್ರೇ, ಸೋತೆ. ಆದರೆ ಇನ್ನೊಂದು ಬಿಡಲ್ಲ. ಕೊನೆಯಲ್ಲಿ ವಕೀಲ ಇನ್‌ಸ್ಪೆಕ್ಟರ್ ಎದುರು "ಹೌದು, ನಾನೇ ಮಾಡಿದ್ದು" ಅಂತ ಅತ್ತು ಒಪ್ಪಿಕೊಳ್ತಾನೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನ ಆರೋಪಿ ವಿರುದ್ಧ ಸಾಬೀತು ಮಾಡುವಂತಿಲ್ಲ. ಆಗ ಸಾಕ್ಷ್ಯ ಅಧಿನಿಯಮದ 25ನೇ ಕಲಂ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23. ವಕೀಲನಾಗಿ ಇಷ್ಟೂ ಗೊತ್ತಿಲ್ಲದೆ ಅಳ್ತಾನಾ? ಮುಂದಿನ ಸಲ ಅವನ ಕೈಲಿ "ಇದು ಕೋರ್ಟಲ್ಲಿ ನಿಲ್ಲಲ್ಲ ಸಾಹೇಬರೇ" ಅಂತ ನಗಿಸಿ. ಆಗ ಎಲೆ, ಉಯಿಲು ಎರಡೂ ಸಾಕ್ಷಿಯಾಗಿ ಬೇಕೇ ಬೇಕಾಗುತ್ತೆ.

ಕುಕ್ಕರಹಳ್ಳಿ ವಾಕರ್

ಇದು ಚೆನ್ನಾಗಿದೆ. ತಗೊಂಡೆ.

ಡಾಕ್ಟರಮ್ಮ ಮಂಡ್ಯ

ನಂದೂ ಒಂದು ಆಕ್ಷೇಪಣೆ ಕಣ್ರೀ. ಎಲೆಗೆ ಬಿದ್ದ ವಿಷ ಉಮ್ಮತ್ತಿ ಬೀಜ ಅಂತ ತೋರಿಸಿದ್ರಿ. ಮೆಣಸಿನಕಾಯಿ ಬೀಜಕ್ಕೂ ಅದಕ್ಕೂ ಹೋಲಿಕೆ ಇರೋದು ನಿಜ, ವಿಧಿವಿಜ್ಞಾನ ಪಾಠದಲ್ಲೇ ಬರುತ್ತೆ. ಆದ್ರೆ ಎರಡು ತುತ್ತು ತಿಂದು ಹಿಂಗೆ ಸದ್ದಿಲ್ಲದೆ ಒರಗೋದು ಸುಳ್ಳು. ಬಾಯಿ ಒಣಗುತ್ತೆ, ಕಣ್ಣಿನ ಪಾಪೆ ಅಗಲ ಆಗುತ್ತೆ, ಬಡಬಡಿಸ್ತಾರೆ, ಗಾಳೀಲಿ ಏನೋ ಹಿಡಿಯೋ ಥರ ಆಡ್ತಾರೆ. ಮದುವೆ ಮನೇಲಿ ಅಷ್ಟೆಲ್ಲ ಆಗಿದ್ರೆ ಪಂಕ್ತಿನೇ ಎದ್ದು ಓಡಿರೋದು.

ಅದಕ್ಕಿಂತ ದೊಡ್ಡ ವಿಷ್ಯ: ಮಕ್ಕಳು ಕೂತಿದ್ರು. ಖಾಲಿ ಸೈಟಲ್ಲೆಲ್ಲ ಬೆಳೆಯೋ ಗಿಡ ಅದು. ನಾಟಕದಲ್ಲಿ ವಿಷದ ಹೆಸರೇ ಬೇಡ. ಡಾಕ್ಟ್ರು ಬಂದು "ವಿಷಪ್ರಾಶನ, ಸ್ಯಾಂಪಲ್ ಪ್ರಯೋಗಾಲಯಕ್ಕೆ ಹೋಗಿದೆ" ಅಂದ್ರೆ ಕಥೆಗೆ ಸಾಕು.

ನಿವೃತ್ತ ಮೇಷ್ಟ್ರು

ಡಾಕ್ಟರಮ್ಮ ಹೇಳಿದ್ದಕ್ಕೆ ನನ್ನದೂ ಸೇರಿಸುತ್ತೇನೆ. ಶಾಲೆಗೆ ಬೀರು ಕೊಡಿಸಲು ಕೊಲೆಯೇ ಆಗಬೇಕೆ? ಕಳವು ಸಾಲದೆ? ಮದುಮಗಳ ಅಡ್ಡಿಕೆ ಕಾಣೆಯಾಯಿತು ಅಂದರೂ ಇಷ್ಟೇ ಕುತೂಹಲ ಇರುತ್ತಿತ್ತು. ನನ್ನ ಪಕ್ಕದಲ್ಲಿ ಕೂತಿದ್ದವರ ಮನೆಯಲ್ಲಿ ಇತ್ತೀಚೆಗಷ್ಟೇ ಸಾವಾಗಿತ್ತು. ದೊಡ್ಡಪ್ಪನನ್ನು ಎಲೆ ಮುಂದಿನಿಂದ ಎತ್ತಿಕೊಂಡು ಹೋಗುವ ದೃಶ್ಯಕ್ಕೆ ಅವರು ಎದ್ದು ಹೊರಗೆ ಹೋದರು. ಊಟಕ್ಕೂ ಬರಲಿಲ್ಲ.

ಧಾರವಾಡ ಫೇಡೆ

ಮಾಸ್ತರ, ನಿಮ್ಮ ಮಾತು ಅರ್ಥ ಆಗ್ತದ. ಆದ್ರ ಕಳವು ಅಂದ್ರ ಮಂದಿ ಟಿಕೆಟ್ ತಗೊಳ್ಳೂದು ಕಡಿಮಿ ರೀ. "ಕೊಲೆ" ಅಂತ ಪೋಸ್ಟರಿನ್ಯಾಗ ಇದ್ರ ಸಣ್ಣ ಹುಡುಗೂರು ಅಪ್ಪನ ಕೈ ಹಿಡಕೊಂಡು ಎಳಕೊಂಡು ಬರ್ತಾವ.

ಲೀಡ್ಸ್ ಕನ್ನಡತಿ

ಇಂಗ್ಲೆಂಡಿನಿಂದ ನಮಸ್ಕಾರ. ಇಲ್ಲಿ ಹಳ್ಳಿ ಹಳ್ಳಿಯ ಸಮುದಾಯ ಭವನಗಳಲ್ಲಿ, ಚರ್ಚಿನ ಹಾಲುಗಳಲ್ಲಿ ಇದು ಮಾಮೂಲಿ ಕಾರ್ಯಕ್ರಮ. ಮೇಷ್ಟ್ರು ಹೇಳಿದ ಮುಜುಗರಕ್ಕೆ ಇಲ್ಲಿನವರು ಕಂಡುಕೊಂಡಿರೋ ದಾರಿ ಸುಲಭದ್ದು. ಬಹಳ ಕಡೆ ಶವವನ್ನು ತೋರಿಸೋದೇ ಇಲ್ಲ. ಸತ್ತವರು ಪರದೆಯ ಹಿಂದೆ ಸತ್ತಿರ್ತಾರೆ, ಪತ್ತೇದಾರ ಬಂದು ಸುದ್ದಿ ಹೇಳ್ತಾನೆ. ಸತ್ತವನು ಎಲ್ಲರಿಗೂ ಬೇಡವಾದ ಮನುಷ್ಯ ಆಗಿರ್ತಾನೆ, ಹಾಗಾಗಿ ಯಾರೂ ಅಳಲ್ಲ. ನಗೆಯೇ ಜಾಸ್ತಿ.

ನಮ್ಮ ಊರಿಗೂ ಈ ಆಟಕ್ಕೂ ನಂಟಿದೆ. ಕ್ಲೂಡೋ ಅನ್ನೋ ಕೊಲೆಗಾರನ್ನ ಹುಡುಕೋ ಬೋರ್ಡ್ ಆಟ ಆಡಿರ್ತೀರಲ್ಲ, ಅದನ್ನ ಮಾಡಿದ್ದು ಬರ್ಮಿಂಗ್‌ಹ್ಯಾಮಿನ ಆಂಥೊನಿ ಪ್ರ್ಯಾಟ್. ಎರಡನೇ ಮಹಾಯುದ್ಧಕ್ಕೆ ಮುಂಚೆ ಹೋಟೆಲುಗಳಲ್ಲಿ ಪಿಯಾನೊ ನುಡಿಸುತ್ತಿದ್ದಾಗ ಅತಿಥಿಗಳು ಕೊಲೆ ಆಟ ಆಡೋದನ್ನ ನೋಡಿದ್ದರು. 1944ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, ಯುದ್ಧದ ನಂತರದ ಅಭಾವದಿಂದ ತಡವಾಗಿ 1949ರಲ್ಲಿ ನಮ್ಮ ಲೀಡ್ಸಿನ ವಾಡಿಂಗ್‌ಟನ್ಸ್ ಕಂಪನಿ ಮಾರುಕಟ್ಟೆಗೆ ತಂತು. ಅಂದರೆ ಜನರೆಲ್ಲ ಸೇರಿ ಆಡೋ ಆಟ ಮೊದಲು, ಡಬ್ಬಿ ಆಮೇಲೆ.

ಸುಳಿವು ಮಾರೋದರ ಬಗ್ಗೆ ಜಗಳ ಆಗಲಿಲ್ವಾ? ಇಲ್ಲಿ ಪ್ರತಿ ಸಲ ಆಗುತ್ತೆ.

ಟೇಬಲ್ ಒಂಬತ್ತು

ಆಗದೆ ಇರ್ತದಾ ಮೇಡಂ! ನಾಲ್ಕನೇ ಟೇಬಲ್ಲಿನವರು ಕಟ್ಟು ನೋಟು ಇಟ್ಕೊಂಡೇ ಬಂದಿದ್ದರು. ಸುಳಿವು ಇದ್ದಷ್ಟೂ ಕೊಂಡರು. ಗೆದ್ದಿದ್ದು ಅವರೇ. ನಾವು ತಲೆ ಓಡಿಸಿದ್ದೇನು ಬಂತು?

ಕುಕ್ಕರಹಳ್ಳಿ ವಾಕರ್

ದುಡ್ಡು ಹೋಗಿದ್ದು ಶಾಲೆಗೆ ತಾನೆ? ದುಡ್ಡಿದ್ದವರು ಜಾಸ್ತಿ ಕೊಡಲಿ ಅಂತಲೇ ಇಟ್ಟಿದ್ದು. ಅದರಲ್ಲಿ ನನಗೆ ತಪ್ಪೇನೂ ಕಾಣಲ್ಲ. ಬಹುಮಾನವೂ ಒಂದು ಬುಟ್ಟಿ ಹಣ್ಣು ಅಷ್ಟೇ.

ನಿವೃತ್ತ ಮೇಷ್ಟ್ರು

ಹಣ್ಣಿನ ಬುಟ್ಟಿಯ ಪ್ರಶ್ನೆಯಲ್ಲ. ಪರೀಕ್ಷೆಯಲ್ಲಿ ಉತ್ತರ ಮಾರುವುದನ್ನು ಶಾಲೆಯ ಹೆಸರಿನಲ್ಲೇ ಮಾಡಿದಿರಲ್ಲ ಎಂಬುದು ನನ್ನ ಬೇಸರ. ಮಕ್ಕಳು ನೋಡುತ್ತಿದ್ದರು.

ಲೀಡ್ಸ್ ಕನ್ನಡತಿ

ನಾವು ಮಾಡೋದು ಹೀಗೆ: ಸುಳಿವು ಕೊಂಡರೆ ಅಂಕ ಕಡಿತ. ಒಂದು ಸುಳಿವಿಗೆ ಎರಡು ಅಂಕ ಹೋಗುತ್ತೆ. ಶ್ರೀಮಂತರ ಟೇಬಲ್ ಬೇಕಾದಷ್ಟು ಕೊಂಡು ಸುಮ್ಮನೆ ಖುಷಿ ಪಡುತ್ತೆ, ಗೆಲ್ಲೋದು ತಲೆ ಓಡಿಸಿದ ಟೇಬಲ್. ದಾನದ ಪೆಟ್ಟಿಗೆಗೂ ನಷ್ಟ ಇಲ್ಲ. ಜೊತೆಗೆ ಊಟದ ಮಧ್ಯೆ ಕೂಪನ್ ಮಾರಿ ಚೀಟಿ ಎತ್ತೋ ರ‍್ಯಾಫಲ್ ಇಡ್ತೀವಿ, ಕೆಲವು ಸಲ ಟಿಕೆಟ್ಟಿಗಿಂತ ಅದರಲ್ಲೇ ಜಾಸ್ತಿ ಉಳಿಯುತ್ತೆ. ನೀವೂ ಮಾಡಬಹುದಿತ್ತು.

ಕೋರ್ಟು ಕಛೇರಿ

ಅಕ್ಕಾ, ನಿಲ್ಲಿ. ಅಲ್ಲಿ ಕಾರ್ಯಕ್ರಮದ ಒಳಗೇ ನಡೆಯೋ ರ‍್ಯಾಫಲ್‌ಗೆ ಲೈಸೆನ್ಸ್ ಬೇಡ ಅಂತ ನಿಮ್ಮ 2005ರ ಜೂಜು ಕಾಯ್ದೆಯಲ್ಲೇ ಇದೆ. ಇಲ್ಲಿ ಹಾಗಲ್ಲ. ದುಡ್ಡಿಗೆ ಕೂಪನ್ ಮಾರಿ ಚೀಟಿ ಎತ್ತಿ ಬಹುಮಾನ ಕೊಟ್ಟರೆ ಅದು ಲಾಟರಿಯೇ, ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ. ಒಳ್ಳೇ ಕೆಲಸಕ್ಕೆ ಅನ್ನೋದು ಸಮರ್ಥನೆ ಆಗಲ್ಲ. ಕೊಲೆಗಾರನನ್ನು ಪತ್ತೆ ಹಚ್ಚಿ ಗೆಲ್ಲೋದು ಬುದ್ಧಿಯ ಸ್ಪರ್ಧೆ, ಅದೃಷ್ಟದ್ದಲ್ಲ. ಆ ಮಟ್ಟಿಗೆ ವಾಕರ್ ಅವರ ದಾರಿ ಕ್ಷೇಮ.

ಇನ್ನೊಂದು ಎಲ್ಲರೂ ಎಡವೋ ಜಾಗ. ಅಂತರ್ಜಾಲದಲ್ಲಿ ಸಿಗೋ ಸಿದ್ಧ ಸ್ಕ್ರಿಪ್ಟ್ ತಂದು ಕನ್ನಡ ಮಾಡಿ ಆಡೋಣ ಅಂತಾರೆ. ಹವ್ಯಾಸಿ ಸಂಘಗಳಿಗೆ ವಿನಾಯಿತಿ ಇದೆ ಅಂತ ಒಂದು ನಂಬಿಕೆ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿರೋ ಆ ವಿನಾಯಿತಿ ಪ್ರೇಕ್ಷಕರಿಂದ ದುಡ್ಡು ತಗೊಳ್ಳದೇ ಇದ್ದರೆ, ಇಲ್ಲವೇ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ ಮಾತ್ರ. ಶಾಲೆಗೆ ಅಂತ 600 ರೂಪಾಯಿ ಟಿಕೆಟ್ ಇಟ್ಟರೆ ಅದರೊಳಗೆ ಬರಲ್ಲ. ಒಂದೋ ಅನುಮತಿ ತಗೊಳ್ಳಿ, ಇಲ್ಲ ಸ್ವಂತದ್ದು ಬರೀರಿ.

ಧಾರವಾಡ ಫೇಡೆ

ಸ್ವಂತದ್ದ ಬರೀಬೇಕ್ರೀ. ಬಂಗಲೆ, ಬಟ್ಲರು, ಮಂಜು ಬಿದ್ದ ರಾತ್ರಿ ತಗೊಂಡು ನಮ್ಮ ಮಂದಿ ಏನ್ ಮಾಡೂದದ? ಎಲಿ ತುದಿ ಎಡಕ್ಕೋ ಬಲಕ್ಕೋ ಅಂತ ಜಗಳಾಡ್ತಾರ ನೋಡ್ರಿ, ಅದರಾಗ ಮಜಾ ಐತಿ. ಆದ್ರ ಒಂದು ಪ್ರಶ್ನೆ. ನಿಮ್ಮ ಬಡಾವಣ್ಯಾಗ ಉತ್ತರದ ರಾಜ್ಯದವರು ಇರ್ತಾರ, ಸಣ್ಣ ವಯಸ್ಸಿನವರು ಇರ್ತಾರ. 1973 ಅವರಿಗೆ ಎಲ್ಲಿ ಗೊತ್ತು?

ಕುಕ್ಕರಹಳ್ಳಿ ವಾಕರ್

ಅದಕ್ಕೇ ಟೇಬಲ್ಲುಗಳನ್ನ ನಾವೇ ಬೆರೆಸಿ ಕೂರಿಸಿದ್ದು. ಗೆಳೆಯರ ಗುಂಪುಗಳು ಗೊಣಗಿದವು, ಬಿಡಲಿಲ್ಲ. ಪ್ರತಿ ಟೇಬಲ್ಲಿಗೂ 60 ದಾಟಿದವರು ಒಬ್ಬರಾದರೂ ಇರಬೇಕು, ಒಬ್ಬ ಮಗುವೂ ಇರಬೇಕು. ಉಯಿಲಿನ ತಾರೀಖು ಹಿರಿಯರು ಓದಿದ ಕೂಡಲೇ ಹಿಡಿದರು. ಎಲೆಯನ್ನ ಬಹುತೇಕ ಕಡೆ ಹಿಡಿದಿದ್ದು ಮಕ್ಕಳು, ಯಾಕೆಂದರೆ ಅವರು ಫೋಟೊವನ್ನೂ ತಮ್ಮ ಎಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಲಖನೌ ಕಡೆಯ ಒಬ್ಬರು ಬಡಿಸುವವರನ್ನೇ ಕರೆದು "ಎಲೆ ಹೀಗೇ ಯಾಕೆ ಹಾಕ್ತೀರಿ" ಅಂತ ಕೇಳಿ ಉತ್ತರ ಬರೆದುಕೊಂಡರು. ಇಡೀ ಹಾಲಿನಲ್ಲಿ ಸರಿಯಾಗಿ ತನಿಖೆ ಮಾಡಿದವರು ಅವರೊಬ್ಬರೇ ಅಂತ ನನ್ನ ಅಭಿಪ್ರಾಯ.

ನಿವೃತ್ತ ಮೇಷ್ಟ್ರು

ಇಂಥದ್ದೇ ಇನ್ನೊಂದು ಸುಳಿವು ಬೇಕಿದ್ದರೆ ಪಿನ್ ಕೋಡ್ ಇದೆ. ಅದು ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. 1970ರ ಕಾಗದದ ವಿಳಾಸದಲ್ಲಿ ಆರು ಅಂಕಿ ಇದ್ದರೆ ಕಾಗದ ಸುಳ್ಳು. ಈ ಸುಳಿವು ಎಲ್ಲ ರಾಜ್ಯದವರಿಗೂ ಸಮ. ಅಥವಾ 1960ರ ಅಂಗಡಿ ಬಿಲ್ಲಿನಲ್ಲಿ ಆಣೆಯ ಲೆಕ್ಕ ಇಡಿ. 1957ರ ಏಪ್ರಿಲ್‌ನಲ್ಲೇ ನಯಾ ಪೈಸೆ ಬಂದಿತ್ತು. ಆದರೆ ಹಳ್ಳಿ ಅಂಗಡಿಯವರು ಆಮೇಲೂ ಬಾಯಲ್ಲಿ ಆಣೆ ಎನ್ನುತ್ತಿದ್ದರು, ಆದ್ದರಿಂದ ಬಿಲ್ಲು ಸಂಶಯಕ್ಕಷ್ಟೇ ಆಗುತ್ತದೆ, ಸಾಕ್ಷಿಗೆ ಸಾಲದು.

ಕೋರ್ಟು ಕಛೇರಿ

ಮೇಷ್ಟ್ರು ಕೊಲೆ ಬೇಡ ಅಂದು ಆಮೇಲೆ ಸುಳಿವು ಹೊಸೆದು ಕೊಡ್ತಿದ್ದಾರೆ. ಗಮನಿಸಿ.

ನಿವೃತ್ತ ಮೇಷ್ಟ್ರು

ಕಳವಿಗೂ ಈ ಸುಳಿವುಗಳು ಒದಗುತ್ತವೆ!

ಲೆಕ್ಕಿಗ

ಸರಿ, ನನ್ನ ಕೊನೆಯ ಎರಡು ಪ್ರಶ್ನೆ. ಟಿಕೆಟ್ ಕೊಂಡವರಿಗೆ ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗುವ 80ಜಿ ರಸೀದಿ ಕೊಟ್ಟಿರಾ? ಮತ್ತು 49,600 ಯಾರ ಕೈಗೆ ಹೋಯಿತು?

ಕುಕ್ಕರಹಳ್ಳಿ ವಾಕರ್

80ಜಿ ಕೇಳಿದವರಿಗೆ ಇಲ್ಲ ಅಂದೆವು. ಕ್ಲಬ್ಬಿಗೆ ಆ ನೋಂದಣಿ ಇಲ್ಲ. ಇದ್ದಿದ್ದರೂ ಟಿಕೆಟ್ಟಿಗೆ ಪ್ರತಿಯಾಗಿ ಊಟ, ನಾಟಕ ಸಿಕ್ಕಿದೆಯಲ್ಲ, ಅದನ್ನ ದಾನ ಅನ್ನೋಕಾಗಲ್ಲ ಅಂತ ನಮ್ಮ ಆಡಿಟರ್ ಹೇಳಿದರು. ತೆರಿಗೆ ಲಾಭ ಬೇಕಿದ್ದವರು 80ಜಿ ಇರೋ ಸಂಸ್ಥೆಗೆ ನೇರವಾಗಿ ಕೊಡಲಿ. ಅದೂ 2,000 ಮೀರಿದರೆ ನಗದಾಗಿ ಬೇಡ, ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಆ ವಿನಾಯಿತಿಯೇ ಇಲ್ಲ.

ಹಣವನ್ನ ಯಾರ ಕೈಗೂ ಕೊಡಲಿಲ್ಲ. ಮುಖ್ಯೋಪಾಧ್ಯಾಯಿನಿಯವರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಇಬ್ಬರೂ ಸೇರಿ ಪಟ್ಟಿ ಕೊಟ್ಟರು, ನಾವು ಸಾಮಾನು ಕೊಂಡು ತಲುಪಿಸಿ, ಶಾಲೆಯ ದಾಸ್ತಾನು ವಹಿಯಲ್ಲಿ ಬರೆಸಿದೆವು. ಫಿಲ್ಟರಿಗೆ ವರ್ಷದ ನಿರ್ವಹಣೆ ಒಪ್ಪಂದವನ್ನೂ ಇದೇ ದುಡ್ಡಿನಲ್ಲಿ ಮಾಡಿಸಿದ್ದೇವೆ. ಇಲ್ಲದಿದ್ದರೆ ಕ್ಯಾಂಡಲ್ ಕಟ್ಟಿಕೊಂಡು ಮೂಲೆ ಸೇರುತ್ತೆ, ಇದನ್ನ ಬೇರೆ ಶಾಲೆಗಳಲ್ಲಿ ನೋಡಿದ್ದೇವೆ. ಬಿಲ್ಲುಗಳು ಕ್ಲಬ್ಬಿನ ನೋಟಿಸ್ ಬೋರ್ಡಿನಲ್ಲಿವೆ, ಬಂದು ನೋಡಿ.

ಲೆಕ್ಕಿಗ

ನೋಡಿ ಬಂದೆ. ಸರಿಯಾಗಿದೆ. ರಂಗ ಸಾಮಗ್ರಿ 1,500ರಲ್ಲಿ 340 ರೂಪಾಯಿಗೆ ಬಿಲ್ ಇಲ್ಲ.

ಕುಕ್ಕರಹಳ್ಳಿ ವಾಕರ್

ಅದು ವಕೀಲರ ಕರೀ ಕೋಟು. ದೇವರಾಜ ಮಾರ್ಕೆಟ್ ಹತ್ತಿರದ ಹಳೇ ಬಟ್ಟೆ ವ್ಯಾಪಾರಿ ಬಿಲ್ ಕೊಡ್ತಾನಾ ಸ್ವಾಮಿ?

ಡಾಕ್ಟರಮ್ಮ ಮಂಡ್ಯ

ನಮ್ಮ ಕಡೆ ಒಂದು ಮಹಿಳಾ ಸಮಾಜದೋರು ಮಾಡ್ಬೇಕು ಅಂತವ್ರೆ. ಪೊಲೀಸ್ ಸ್ಟೇಷನ್ನಿಗೆ ಹೇಳಬೇಕಾ?

ಕೋರ್ಟು ಕಛೇರಿ

ಒಂದು ಪತ್ರ ಕೊಟ್ಟಿರಿ. ನಾಟಕದಲ್ಲಿ ಖಾಕಿ ಹಾಕೋದು ಅಪರಾಧವಲ್ಲ, ಮೋಸ ಮಾಡೋ ಉದ್ದೇಶ ಇದ್ದರೆ ಮಾತ್ರ. ಆದರೆ ಪಾತ್ರಧಾರಿ ಆ ವೇಷದಲ್ಲೇ ಸಿಗ್ನಲ್ ಹತ್ತಿರ ಬೀಡಾ ತಿನ್ನೋಕೆ ಹೋಗಬಾರದು. ಕಿರುಚಾಟ ಕೇಳಿ ಪಕ್ಕದ ರಸ್ತೆಯವರು 112ಕ್ಕೆ ಫೋನ್ ಮಾಡೋ ಸಂಭವವೂ ಇದೆ. ರಾತ್ರಿ 10ಕ್ಕೆ ಮೈಕ್ ನಿಲ್ಲಬೇಕು, ಹಾಗಾಗಿ ಆರೂವರೆಗೇ ಶುರು ಮಾಡಿ. ಎಲೆ ಊಟಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಯಾರೂ ಸರಿಯಾಗಿ ಅಂದಾಜು ಮಾಡಲ್ಲ.

ಧಾರವಾಡ ಫೇಡೆ

ವಾಕರ್ ಸಾಹೇಬ್ರ, ಸ್ಕ್ರಿಪ್ಟ್ ಕಳಸ್ತೀರೇನ್ರಿ? ನಾವೂ ನಮ್ಮ ಕಾಲೊನಿಯಾಗ ಮಾಡ್ತೀವಿ.

ಕುಕ್ಕರಹಳ್ಳಿ ವಾಕರ್

ಸ್ಕ್ರಿಪ್ಟ್ ಬೇಡ ರೀ, ಕೊಲೆಗಾರ ಯಾರು ಅಂತ ಇಲ್ಲೇ ಇಷ್ಟು ಜನಕ್ಕೆ ಗೊತ್ತಾಯಿತು. ಪಾತ್ರದ ಪುಟದ ಮಾದರಿ, ಉತ್ತರ ಪತ್ರಿಕೆ, ಟೇಬಲ್ ಹಂಚಿಕೆ ಪಟ್ಟಿ ಕಳಿಸ್ತೀನಿ. ಕಥೆ ನೀವೇ ಬರೀರಿ. ನಿಮ್ಮಲ್ಲಿ ಬಾಳೆಲೆ ನಡೆಯಲ್ಲ, ರೊಟ್ಟಿ ಊಟಕ್ಕೆ ಬೇರೆ ಸುಳಿವು ಹುಡುಕಬೇಕು.

ಧಾರವಾಡ ಫೇಡೆ

ಹುಡುಕೀವಿ. ಸಂಗೀತ ಕಛೇರಿ ನಡದದ, ತಂಬೂರಿ ಶ್ರುತಿ ತಪ್ಪೇದ, ಯಾರೋ ತಂತಿ ಬದಲಿ ಮಾಡ್ಯಾರ. ಇದಕ್ಕಿಂತ ಹೆಚ್ಚ ಹೇಳಂಗಿಲ್ಲ. ಟಿಕೆಟ್ 500, ಸುಳಿವು ಕೊಂಡ್ರ ಅಂಕ ಕಟ್.